ದೂರದ ಓಟಗಾರನೊಬ್ಬ ದಾವಣಗೆರೆಯ ಜಿಮ್‌ನಲ್ಲಿ ಕಳೆದ ಆರು ತಿಂಗಳು

ಕಳೆದ ಮೇ ತಿಂಗಳ ಕೊನೆಯಿಂದ ನವೆಂಬರ್‌ವರೆಗೆ ನಾನು ದಾವಣಗೆರೆಯ ಹೊಸ ಬಡಾವಣೆಯೊಂದರ ಜಿಮ್‌ನಲ್ಲಿ ಭಾರ ಎತ್ತಿದೆ. ಮಲೆನಾಡಿನ ಕಾಫಿ ತೋಟಗಳ ನಡುವೆ ನಡೆಯುವ 50 ಕಿ.ಮೀ. ಓಟಕ್ಕೆ ಸಿದ್ಧನಾಗಬೇಕು, ಆದರೆ ಹತ್ತು ವರ್ಷ ಬೆವರು ಸುರಿಸಿ ಕಟ್ಟಿಕೊಂಡ ತೊಡೆ, ಬೆನ್ನು, ಭುಜಗಳು ಆ ಸಿದ್ಧತೆಯಲ್ಲಿ ಕರಗಿಹೋಗಬಾರದು ಎಂಬುದು ನನ್ನ ಉದ್ದೇಶವಾಗಿತ್ತು. ಮ್ಯಾರಥಾನಿನ 42.195 ಕಿ.ಮೀ. ದಾಟಿದ ಓಟವೆಲ್ಲ ಅಲ್ಟ್ರಾ ಎನಿಸಿಕೊಳ್ಳುವುದರಿಂದ 50 ಕಿ.ಮೀ. ಎಂಬುದು ಆ ಮನೆಯ ಹೊಸ್ತಿಲು ಮಾತ್ರ. ಆದರೂ ನಲವತ್ತೊಂದು ವಯಸ್ಸಿನ, ಕುರ್ಚಿಯ ಮೇಲೆ ಕುಳಿತು ದುಡಿಯುವ ನನ್ನಂಥವನಿಗೆ ಹೊಸ್ತಿಲೂ ಎತ್ತರದ್ದೇ. ಜಿಮ್‌ನ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನನ್ನ ದೂರುಗಳಲ್ಲಿ ಹೆಚ್ಚಿನವು ಇಂಥ ಎಷ್ಟೋ ಜಿಮ್‌ಗಳಿಗೆ ಸಲ್ಲುವಂಥವು, ಅವನ್ನು ಒಂದರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ.

ಆರು ತಿಂಗಳ ಶುಲ್ಕ 7,500 ರೂಪಾಯಿ, ವೈಯಕ್ತಿಕ ತರಬೇತಿಗೆ ತಿಂಗಳಿಗೆ ಪ್ರತ್ಯೇಕವಾಗಿ 3,000 ರೂಪಾಯಿ. ಬೆಳಿಗ್ಗೆ 5ಕ್ಕೆ ಬಾಗಿಲು ತೆರೆಯುತ್ತದೆ ಎಂದು ಫಲಕ ಹೇಳುತ್ತದೆ. ಕೀಲಿಕೈ ಹಿಡಿದ ಹುಡುಗ ಬರುವುದು 5.20ಕ್ಕೆ. ಸ್ನಾನದ ಮನೆ, ಬೀಗದ ಪೆಟ್ಟಿಗೆ, ಕುಡಿಯುವ ನೀರು ಎಲ್ಲವೂ ಸರಿಯಾಗಿವೆ. ಹಾಡಿನ ಸದ್ದು ಮಾತ್ರ ಅತಿಯಾಯಿತು.

ಓಡುವವನಿಗೆ ಜಿಮ್‌ನಲ್ಲಿ ಬೇಕಾದ ಸಾಮಾನುಗಳು ಹೆಚ್ಚೇನಿಲ್ಲ. ನೆಟ್ಟಗಿರುವ 20 ಕೆ.ಜಿ. ಬಾರ್‌ಬೆಲ್, ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವ ಸ್ಕ್ವಾಟ್‌ಗೆ ಬಾರ್ ಇಡುವ ಭದ್ರವಾದ ರ‍್ಯಾಕ್, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು) ಮಾಡಿ ಭಾರ ಇಳಿಸಿದರೆ ಯಾರೂ ಗದರದ ಒಂದು ಮೂಲೆ, ಕಾಲಿನ ಮೀನಖಂಡಕ್ಕೆ ಒಂದು ಯಂತ್ರ, ಇಷ್ಟಿದ್ದರೆ ಸಾಕು. ಮೊದಲ ಎರಡು ಇಲ್ಲಿ ನಿಜಕ್ಕೂ ಉತ್ತಮವಾಗಿವೆ. ಊರಿನಲ್ಲಿ ನಾನು ಮೊದಲು ನೋಡಿದ ಮೂರು ಜಿಮ್‌ಗಳಲ್ಲಿ ರ‍್ಯಾಕ್ ಇರಬೇಕಾದ ಜಾಗದಲ್ಲಿ ಕಂಬಿಗಳ ನಡುವೆ ಬಾರ್ ಜಾರುವ ಸ್ಮಿತ್ ಯಂತ್ರವನ್ನಷ್ಟೇ ಇಟ್ಟಿದ್ದರು. ಆ ಯಂತ್ರದಲ್ಲಿ ಸಮತೋಲನದ ಕೆಲಸವನ್ನೆಲ್ಲ ಕಂಬಿಯೇ ಮಾಡಿಬಿಡುತ್ತದೆ. ಕಲ್ಲುಮಣ್ಣಿನ ದಾರಿಯಲ್ಲಿ ಏಳೆಂಟು ಗಂಟೆ ಓಡಬೇಕಾದವನಿಗೆ ಆ ಕೆಲಸವೇ ಮುಖ್ಯ. ಇಲ್ಲಿ ಎರಡು ರ‍್ಯಾಕ್‌ಗಳಿದ್ದು, ಸಂಜೆಯ ಗದ್ದಲದಲ್ಲೂ ಹತ್ತು ನಿಮಿಷದೊಳಗೆ ಒಂದು ಸಿಗುತ್ತಿತ್ತು. ಮೂಲೆಯ ರಬ್ಬರ್ ಹಾಸು ತೆಳ್ಳಗಿದೆ, ಕೆಳಗಿನ ಮಹಡಿಯ ಅಂಗಡಿಯವರು ಒಮ್ಮೆ ಮೇಲೆ ಬಂದು ಜಗಳವಾಡಿದ್ದರು. ಮೀನಖಂಡದ ಯಂತ್ರದ ಸಂಗತಿಯನ್ನು ಆಮೇಲೆ ಹೇಳುತ್ತೇನೆ.

ಇನ್ನು ತರಬೇತಿಯ ವಿಷಯ. ಸೇರಿದ ದಿನ ನನ್ನ ಉದ್ದೇಶವನ್ನು ವಿವರಿಸಿದಾಗ ತರಬೇತುದಾರರು ಹೇಳಿದ ಮೊದಲ ಮಾತು, ‘ಅಷ್ಟು ಓಡಿದರೆ ಮಸಲ್ ಎಲ್ಲ ಹೋಗುತ್ತೆ ಸಾರ್’ ಎಂಬುದಾಗಿತ್ತು. ಈ ಭಯಕ್ಕೆ ಆಧಾರವೇ ಇಲ್ಲವೆನ್ನಲಾಗದು. ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ಸಂಶೋಧಕರು 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ಐದು ದಿನ ಭಾರ ಎತ್ತುವುದರ ಜೊತೆಗೆ ಆರು ದಿನ ಸೈಕಲ್ ಮತ್ತು ಓಟದ ಕಠಿಣ ತಾಲೀಮನ್ನೂ ಮಾಡಿದವರ ಕಾಲಿನ ಬಲ ಸುಮಾರು ಏಳು ವಾರ ಏರಿ, ನಿಂತು, ಹತ್ತು ವಾರಗಳ ಕೊನೆಯ ಹೊತ್ತಿಗೆ ಇಳಿಯತೊಡಗಿತು. ಬರಿ ಭಾರ ಎತ್ತಿದವರ ಬಲ ಏರುತ್ತಲೇ ಇತ್ತು. ಆದರೆ ಆ ಪ್ರಯೋಗದಲ್ಲಿದ್ದದ್ದು ವಾರಕ್ಕೆ ಹನ್ನೊಂದು ತಾಲೀಮುಗಳ ಹೊರೆ ಎಂಬುದನ್ನು ಹಲವರು ಮರೆಯುತ್ತಾರೆ. ನಮ್ಮ ತರಬೇತುದಾರರು ಓಟವನ್ನು ಬೈಯುತ್ತಲೇ ನನಗೆ ಬರೆದುಕೊಟ್ಟದ್ದು ಹೆಚ್ಚೂಕಡಿಮೆ ಅದೇ ಹೊರೆಯನ್ನು. ವಾರಕ್ಕೆ ಐದು ದಿನ ಜಿಮ್, ಅದರಲ್ಲಿ ಶನಿವಾರ ಸಂಜೆ ಕಾಲುಗಳಿಗೆ ಲೆಗ್ ಪ್ರೆಸ್, ಲಂಜ್, ಹ್ಯಾಕ್ ಸ್ಕ್ವಾಟ್ ಎಲ್ಲ ಸೇರಿ 22 ಸೆಟ್ (ನಡುವೆ ವಿಶ್ರಮಿಸಿ ಮಾಡುವ ಸುತ್ತು). ಭಾನುವಾರ ನಸುಕಿನಲ್ಲಿ ನನ್ನ ಉದ್ದ ಓಟ.

ಜೂನ್‌ನ ಎರಡನೆಯ ಭಾನುವಾರ ಕೊಂಡಜ್ಜಿಯ ಕಡೆ ಓಡಿ ಮರಳುವಾಗ, ಮನೆ ಇನ್ನೂ ಐದು ಕಿ.ಮೀ. ದೂರವಿರುವಂತೆಯೇ ತೊಡೆ ಕಲ್ಲಾಗಿ, ಹಾಲಿನ ವ್ಯಾನೊಂದಕ್ಕೆ ಕೈ ಅಡ್ಡ ಹಾಕಬೇಕಾಯಿತು. ಅದನ್ನು ಸೋಮವಾರ ಹೇಳಿದಾಗ ಸಿಕ್ಕ ಪರಿಹಾರ, ಕೌಂಟರಿನ ಹಿಂದಿನ ಗಾಜಿನ ಕಪಾಟಿನಲ್ಲಿದ್ದ 2,800 ರೂಪಾಯಿಯ ಒಂದು ಡಬ್ಬಿ. ನಾನು ಕೊಳ್ಳಲಿಲ್ಲ. ಸದಸ್ಯರಿಗೆ ಸಲಹೆ ಕೊಡುವವರಿಗೇ ಡಬ್ಬಿ ಮಾರಿದ ಕಮಿಷನ್ ಕೂಡ ಸಿಗುವ ವ್ಯವಸ್ಥೆ ಇರುವವರೆಗೆ, ಅಲ್ಲಿನ ಪೌಷ್ಟಿಕಾಂಶದ ಮಾತನ್ನು ಜರಡಿ ಹಿಡಿದೇ ಕೇಳಬೇಕು.

ಆದರೆ ನನಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಆಹಾರದ ಪಟ್ಟಿ. ಎಲ್ಲ ಸದಸ್ಯರಿಗೂ ಜೆರಾಕ್ಸ್ ಮಾಡಿ ಹಂಚುವ, ದಾವಣಗೆರೆಯ ಯಾವ ಸಂತೆಯ ದಿನಕ್ಕೂ ಹೊಂದದ ಬ್ರೊಕೋಲಿ, ಓಟ್ಸ್‌ಗಳ ಆ ಪಟ್ಟಿ ದಿನಕ್ಕೆ 1,600 ಕ್ಯಾಲರಿಯದು. ಬೊಜ್ಜು ಇಳಿಸಲೆಂದು ಮಾಡಿದ್ದು ಎಂಬುದು ಅದರ ಮೊದಲ ಸಾಲಿನಲ್ಲೇ ಇತ್ತು. ಸಮತಟ್ಟಾದ ದಾರಿಯಲ್ಲಿ ಓಡುವಾಗ ಒಂದು ಕಿ.ಮೀ.ಗೆ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು ಒಂದು ಕ್ಯಾಲರಿ ಖರ್ಚಾಗುತ್ತದೆ ಎಂಬುದು ಓಟಗಾರರೆಲ್ಲ ಬಳಸುವ ಲೆಕ್ಕ. 68 ಕೆ.ಜಿ. ತೂಕದ ನಾನು ಭಾನುವಾರ 32 ಕಿ.ಮೀ. ಓಡಿದರೆ ಓಟಕ್ಕೇ 2,100 ಕ್ಯಾಲರಿಗೂ ಮಿಕ್ಕಿ ಬೇಕು. ಅಂದರೆ ಪಟ್ಟಿಯ ಇಡೀ ದಿನದ ಊಟವನ್ನು ಬೆಳಗಿನ ಓಟವೇ ತಿಂದು ತೇಗುತ್ತಿತ್ತು. ದುಡ್ಡು ಕೊಟ್ಟು ಪಡೆದ ಸಲಹೆಯಲ್ಲವೇ ಎಂಬ ಜಿಪುಣತನದಿಂದ ನಾನು ಅದನ್ನು ಐದು ವಾರ ಶ್ರದ್ಧೆಯಿಂದ ಪಾಲಿಸಿದೆ. ಜುಲೈ ಮಧ್ಯದ ಹೊತ್ತಿಗೆ ತೂಕ 65.2ಕ್ಕೆ ಇಳಿಯಿತು, 100 ಕೆ.ಜಿ.ಯಲ್ಲಿ ಐದು ಬಾರಿ ಮಾಡುತ್ತಿದ್ದ ಸ್ಕ್ವಾಟ್ 85ಕ್ಕೆ ಕುಸಿಯಿತು, ತೊಡೆಯ ಸುತ್ತಳತೆ ಎರಡು ಸೆಂ.ಮೀ. ಕಡಿಮೆಯಾಯಿತು. ‘ನೋಡಿ, ನಾನು ಹೇಳಿರಲಿಲ್ಲವೇ’ ಎಂದರು ತರಬೇತುದಾರರು. ಅವರ ಪ್ರಕಾರ ಓಟ ನನ್ನ ಸ್ನಾಯುಗಳನ್ನು ತಿಂದಿತ್ತು. ಓಟಕ್ಕೆ ತಿನ್ನಲು ಬೇರೇನನ್ನೂ ಕೊಟ್ಟಿರಲಿಲ್ಲ ಎಂಬುದು ನನ್ನ ಉತ್ತರವಾಗಿತ್ತು.

ಆ ದಿನ ನಾವಿಬ್ಬರೂ ಮುಕ್ಕಾಲು ಗಂಟೆ ಕುಳಿತು ಮಾತಾಡಿದೆವು. ಈ ಜಿಮ್‌ಗೆ ನಾನು ಅಂಕ ಕೊಡುವುದಾದರೆ ಆ ಮುಕ್ಕಾಲು ಗಂಟೆಗೇ ಹೆಚ್ಚು ಕೊಡಬೇಕು, ಏಕೆಂದರೆ ಆ ಮನುಷ್ಯ ಕೇಳಿಸಿಕೊಂಡರು. ಅವರು ಹುಡುಗರಾಗಿದ್ದಾಗ ಇದೇ ಊರಿನ ಗರಡಿಮನೆಯಲ್ಲಿ ಸಾಮು ಮಾಡಿ ಕುಸ್ತಿಯ ಮಣ್ಣಿನ ಕಣಕ್ಕೆ ಇಳಿದವರು. ಉಸ್ತಾದರು ಬೆಳಗಿನ ಜಾವ ಎಬ್ಬಿಸಿ ಓಡಿಸುತ್ತಿರಲಿಲ್ಲವೇ ಎಂದು ಕೇಳಿದೆ. ಓಡಿಸುತ್ತಿದ್ದರು, ಆಮೇಲೆ ದಂಡ, ಬಸ್ಕಿ, ಆಮೇಲೆ ಹಾಲು, ಬಾದಾಮಿ, ತುಪ್ಪ ಎಂದು ಅವರೇ ಹೇಳುತ್ತಾ ಹೋಗಿ, ತುಪ್ಪದ ಹತ್ತಿರ ಬಂದಾಗ ನಕ್ಕುಬಿಟ್ಟರು. ಓಡಿದರೆ ಮಾಂಸ ಕರಗುತ್ತದೆ ಎಂಬ ಮಾತು ಅವರಿಗೆ ಗರಡಿಯಿಂದ ಬಂದದ್ದಲ್ಲ, ಕನ್ನಡಿಯ ಮುಂದಿನ ದೇಹದಾರ್ಢ್ಯ ಸ್ಪರ್ಧೆಗಳ ಕಾಲದಿಂದ ಅಂಟಿಕೊಂಡದ್ದು.

ಹೊಸ ವೇಳಾಪಟ್ಟಿಯಲ್ಲಿ ಜಿಮ್ ವಾರಕ್ಕೆ ಎರಡೇ ಸಂಜೆ, ಮಂಗಳವಾರ ಮತ್ತು ಶುಕ್ರವಾರ. ಮಂಗಳವಾರ ಸ್ಕ್ವಾಟ್ ಮೂರು ಸೆಟ್, ರೊಮೇನಿಯನ್ ಡೆಡ್‌ಲಿಫ್ಟ್ ಎರಡು, ಒಂಟಿ ಕಾಲಿನ ಸ್ಪ್ಲಿಟ್ ಸ್ಕ್ವಾಟ್ ಎರಡು. ಶುಕ್ರವಾರ ಬೆಂಚ್ ಪ್ರೆಸ್, ಪುಲ್‌ಅಪ್ ಮತ್ತು ಕಾಲು ಸೋಲದಂತೆ ಡೆಡ್‌ಲಿಫ್ಟಿನ ಎರಡೇ ಸೆಟ್. 22 ಸೆಟ್‌ಗಳ ಕಾಲಿನ ದಿನ ಏಳಕ್ಕೆ ಇಳಿಯಿತು, ಆದರೆ ಬಾರ್ ಮೇಲಿನ ಭಾರ ಇಳಿಯಲಿಲ್ಲ. ಈ ಕೊನೆಯ ಮಾತಿಗಾಗಿ ನಾನು ಹಟ ಹಿಡಿಯಬೇಕಾಯಿತು. ಓಟ ಹೆಚ್ಚಾದಾಗ ಹಗುರ ಭಾರವನ್ನು ಇಪ್ಪತ್ತೈದು ಬಾರಿ ಎತ್ತಿಸುವುದು ಜಿಮ್‌ಗಳ ವಾಡಿಕೆ. ಸಹನಶಕ್ತಿಯ ಆ ಕೆಲಸವನ್ನು ಓಟ ಹೇಗೂ ಮಾಡುತ್ತಿರುವಾಗ, ಭಾರ ಎತ್ತುವುದರಿಂದ ಬೇಕಾದದ್ದು ಓಟ ಕೊಡಲಾರದ ಬಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 16 ವಾರ ತರಬೇತಿ ಪಡೆದ 20ರಿಂದ 35 ವಯಸ್ಸಿನವರು ಆಮೇಲೆ ಸೆಟ್ಟುಗಳ ಪ್ರಮಾಣವನ್ನು ಒಂಬತ್ತನೆಯ ಒಂದು ಭಾಗಕ್ಕೆ ಇಳಿಸಿದರೂ 32 ವಾರ ಸ್ನಾಯುವಿನ ಗಾತ್ರವನ್ನು ಉಳಿಸಿಕೊಂಡಿದ್ದರು. 60 ದಾಟಿದವರಿಗೆ ಅದು ಸಾಲಲಿಲ್ಲ. ನನ್ನ ವಯಸ್ಸು ಎರಡರ ನಡುವಿನದಾದ್ದರಿಂದ ಮೂರನೆಯ ಒಂದು ಭಾಗವನ್ನು ಇಟ್ಟುಕೊಂಡೆ.

ಕುಂದವಾಡ ಕೆರೆಯ ಸುತ್ತಿನ ಓಟವನ್ನು ಬೆಳಿಗ್ಗೆ, ಭಾರವನ್ನು ಸಂಜೆ ಇಟ್ಟುಕೊಂಡದ್ದಕ್ಕೂ ಕಾರಣವಿದೆ. ದೀರ್ಘ ಓಟ ಸ್ನಾಯುವಿನಲ್ಲಿ ಎಎಂಪಿಕೆ ಎಂಬ ಸಂಕೇತವನ್ನು ಎಬ್ಬಿಸುತ್ತದೆ, ಅದು ಇಂಧನ ಕಡಿಮೆಯಾಗಿದೆ, ಕಟ್ಟಡದ ಕೆಲಸ ನಿಲ್ಲಿಸಿ ಎಂದು ಸಾರುವ ಡಂಗುರದಂತೆ. ಭಾರ ಎತ್ತುವುದು ಕಟ್ಟಡದ ಕೆಲಸ ನಡೆಸುವ ಎಂಟಾರ್ ಎಂಬುದನ್ನು ಎಬ್ಬಿಸುತ್ತದೆ. ಎರಡರ ನಡುವೆ ಆರೇಳು ಗಂಟೆಯ ಅಂತರ, ಒಂದು ಒಳ್ಳೆಯ ಊಟ ಇದ್ದರೆ ಜಗಳ ಬಹುಮಟ್ಟಿಗೆ ತಣ್ಣಗಾಗುತ್ತದೆ. ಈ ಜಿಮ್ ಮಧ್ಯಾಹ್ನ ಮುಚ್ಚಿ ಸಂಜೆ 4ಕ್ಕೆ ತೆರೆಯುವುದನ್ನು ಹಲವರು ದೂರುತ್ತಾರೆ, ನನಗಂತೂ ಅದು ಅನುಕೂಲವೇ ಆಯಿತು.

ಊಟದ ಪಟ್ಟಿಯನ್ನು ಹರಿದು ಹಾಕಿ ಮನೆಯ ಅಡುಗೆಯಲ್ಲೇ ಲೆಕ್ಕ ಹಾಕಿದೆ. ಕೆ.ಜಿ.ಗೆ 1.6 ಗ್ರಾಂನಂತೆ ನನಗೆ ದಿನಕ್ಕೆ 109 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆಯೂ ಇಲ್ಲದ ನಮ್ಮ ಮನೆಯಲ್ಲಿ ಇದು ಸುಲಭವಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಸೇರಿ ಅರವತ್ತರ ಸುಮಾರಿಗೆ ತಲುಪಿಸುತ್ತವೆ. ಒಣ ಸೋಯಾ 50 ಗ್ರಾಂ ನೆನೆಸಿ ಪಲ್ಯ ಮಾಡಿದರೆ ಇನ್ನು 25 ಗ್ರಾಂ, ಹಾಲಿನಿಂದ ತೆಗೆದ ಪ್ರೋಟೀನಾದ ವೇ ಪುಡಿಯ ಒಂದು ಅಳತೆ ಸ್ಕೂಪಿನಿಂದ ಉಳಿದದ್ದು. ಸ್ನಾಯುಬಲಕ್ಕೆಂದು ತೆಗೆದುಕೊಳ್ಳುವ ಕ್ರಿಯೇಟಿನ್ ಪುಡಿಯನ್ನೂ ದಿನಕ್ಕೆ 3 ಗ್ರಾಂ ತೆಗೆದುಕೊಂಡೆ. ಅದು ಸ್ನಾಯುವಿನಲ್ಲಿ ನೀರು ಹಿಡಿದು ತೂಕ ಒಂದಷ್ಟು ಏರಿಸುವುದರಿಂದ ಬೆಟ್ಟದ ಓಟಗಾರರು ಹಿಂಜರಿಯುತ್ತಾರೆ, ನಾನು ಹಿಂಜರಿಯಲಿಲ್ಲ. ಭಾನುವಾರದ ಓಟದ ನಂತರ ಎರಡು ಬೆಣ್ಣೆದೋಸೆಗಳನ್ನು ಯಾವ ಲೆಕ್ಕಕ್ಕೂ ಸೇರಿಸದೆ ತಿಂದೆ.

ಆಗಸ್ಟ್‌ನಿಂದ ತಿಂಗಳಿಗೆರಡು ಭಾನುವಾರ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಕ್ಕೆ ಓಡಲು ಹೋದೆ. ಅರವತ್ತು ಕಿ.ಮೀ. ಪ್ರಯಾಣ ಮಾಡಿಸುವಂಥದ್ದೇನಿದೆ ಎಂದರೆ, ದಾವಣಗೆರೆಯ ಸುತ್ತ ಆ ಬಗೆಯ ಇಳಿಜಾರು ಇಲ್ಲ. ಏರುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ತೊಡೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಲ ಹಾಕಿ ದೇಹವನ್ನು ತಡೆಯಬೇಕಾಗುತ್ತದೆ, ಸ್ನಾಯುವಿನ ಎಳೆಗಳು ಹೆಚ್ಚು ಹರಿಯುವುದು ಆಗಲೇ. ಜಿಮ್‌ನ ತರಬೇತಿ ತನ್ನ ಬೆಲೆ ತೋರಿಸಿದ್ದು ಇಲ್ಲಿ. ಒಂಟಿ ಕಾಲಿನ ಸ್ಕ್ವಾಟ್‌ನಲ್ಲಿ ನನ್ನ ಎಡ ಸೊಂಟ ಕುಸಿಯುತ್ತದೆ ಎಂಬುದನ್ನು ತರಬೇತುದಾರರು ಮೊದಲ ವಾರದಲ್ಲೇ ಗುರುತಿಸಿದ್ದರು. ನಾಲ್ಕೆಣಿಕೆಯಷ್ಟು ನಿಧಾನವಾಗಿ ಇಳಿಸಿ, ಮೊಣಕಾಲು ಒಳಕ್ಕೆ ವಾಲಿದರೆ ಬೆರಳಿನಿಂದ ತಟ್ಟಿ ಎಚ್ಚರಿಸುತ್ತಿದ್ದರು. ಈ ಕಣ್ಣು ಗರಡಿಯದು, ಸರ್ಟಿಫಿಕೇಟಿನದಲ್ಲ. ವರ್ಷಗಳಿಂದ ಕಾಡಿದ್ದ ಎಡ ಮೊಣಕಾಲಿನ ಹೊರಬದಿಯ ನೋವು ಸೆಪ್ಟೆಂಬರ್ ನಂತರ ಬರಲಿಲ್ಲ. 3,000 ರೂಪಾಯಿಯ ತಿಂಗಳ ಶುಲ್ಕಕ್ಕೆ ಇದೊಂದೇ ಸಮರ್ಥನೆ, ಆದರೆ ಗಟ್ಟಿಯಾದ ಸಮರ್ಥನೆ.

ಈಗ ಮೀನಖಂಡದ ಯಂತ್ರ. ಮಂಡಿ ಮಡಚಿ ಕುಳಿತು ಹಿಮ್ಮಡಿ ಎತ್ತುವ ಆ ಯಂತ್ರದ ಕೀಲು ಜೂನ್‌ನಿಂದಲೇ ತುಕ್ಕು ಹಿಡಿದು ನಿಂತಿತ್ತು. ಯಾರಿಗೂ ಬೇಡದ ಯಂತ್ರವೆಂದು ಮಾಲೀಕರು ತಳ್ಳಿಹಾಕಿದರು. ಓಟಗಾರನಿಗೆ ಅದರಷ್ಟು ಅಗತ್ಯವಾದದ್ದು ಆ ಸಾಲಿನಲ್ಲಿ ಬೇರೊಂದಿಲ್ಲ. ಮಂಡಿ ಮಡಚಿದಾಗ ಮೀನಖಂಡದ ಮೇಲಿನ ಉಬ್ಬು ಸ್ನಾಯು ಸಡಿಲವಾಗಿ, ಅದರಡಿಯ ಸೋಲಿಯಸ್ ಎಂಬ ಚಪ್ಪಟೆ ಸ್ನಾಯುವಿಗೆ ಹೊರೆ ಬೀಳುತ್ತದೆ. ಓಟದ ಪ್ರತಿ ಹೆಜ್ಜೆಯಲ್ಲೂ ದೇಹತೂಕದ ಆರು ಪಟ್ಟಿಗೂ ಹೆಚ್ಚು ಬಲ ಹಾಕುವುದು ಅದೇ ಸೋಲಿಯಸ್. ನಾನು ಬೆಂಚಿನ ಮೇಲೆ ಕುಳಿತು, ತೊಡೆಗೆ ಟವೆಲ್ ಹಾಸಿ, 60 ಕೆ.ಜಿ. ಬಾರ್ ಇಟ್ಟುಕೊಂಡು ಆರು ತಿಂಗಳು ದೂಡಿದೆ.

ಅಕ್ಟೋಬರ್ ಕೊನೆಯಲ್ಲಿ ತೂಕ 67.5, ತೊಡೆಯ ಅಳತೆ ಮೊದಲಿನಷ್ಟೇ, ಡೆಡ್‌ಲಿಫ್ಟ್ ಮೊದಲಿನ 130ರಲ್ಲೇ ನಿಂತಿತ್ತು. 100 ಕೆ.ಜಿ. ಸ್ಕ್ವಾಟ್ ಐದರ ಬದಲು ಮೂರೇ ಬಾರಿ ಆಗುತ್ತಿತ್ತು. ವಾರಕ್ಕೆ 75 ಕಿ.ಮೀ. ಓಡುತ್ತಿದ್ದವನಿಗೆ ಅದು ತಕರಾರು ಮಾಡುವ ನಷ್ಟವಲ್ಲ. ನವೆಂಬರಿನಲ್ಲಿ 50 ಕಿ.ಮೀ.ಯನ್ನು 7 ಗಂಟೆ 40 ನಿಮಿಷದಲ್ಲಿ ಮುಗಿಸಿದೆ, ಕೊನೆಯ ಇಳಿಜಾರನ್ನು ನಡೆಯದೆ ಓಡಿಯೇ ಇಳಿದೆ.

ದೂರದ ಓಟಕ್ಕೆ ಸಿದ್ಧರಾಗುವವರು ಇಂಥ ಜಿಮ್‌ಗೆ ಸೇರಬಹುದೇ ಎಂದರೆ, ರ‍್ಯಾಕಿಗಾಗಿ ಮತ್ತು ಆ ಒಬ್ಬರ ಕಣ್ಣಿಗಾಗಿ ಸೇರಬಹುದು. ವೇಳಾಪಟ್ಟಿಯನ್ನು ನೀವೇ ಬರೆದುಕೊಂಡು ಹೋಗಿ, ಜೆರಾಕ್ಸ್ ಪಟ್ಟಿಯನ್ನು ಕೌಂಟರಿನಲ್ಲೇ ಬಿಟ್ಟು ಬನ್ನಿ. ಐದು ನಕ್ಷತ್ರಗಳಲ್ಲಿ ನಾನು ಮೂರೂವರೆ ಕೊಡುತ್ತೇನೆ. ಸದಸ್ಯತ್ವವನ್ನು ಮತ್ತೆ ಆರು ತಿಂಗಳಿಗೆ ನವೀಕರಿಸಿದ್ದೇನೆ, ವೈಯಕ್ತಿಕ ತರಬೇತಿಯನ್ನು ತಿಂಗಳು ಬಿಟ್ಟು ತಿಂಗಳು ಪಡೆಯುವ ಒಪ್ಪಂದಕ್ಕೆ ಮಾಲೀಕರು ಗೊಣಗುತ್ತಲೇ ಒಪ್ಪಿದ್ದಾರೆ. ಹಣ ಕಟ್ಟುವ ದಿನ ಆ ಯಂತ್ರದ ಕೀಲಿನ ಮಾತನ್ನು ಮತ್ತೊಮ್ಮೆ ಎತ್ತಿದೆ. ಮುಂದಿನ ವಾರ ಮೆಕ್ಯಾನಿಕ್ ಬರುತ್ತಾನೆ ಎಂದಿದ್ದಾರೆ. ಟವೆಲ್ ಇನ್ನೂ ನನ್ನ ಚೀಲದಲ್ಲೇ ಇದೆ.