ರೈಜೆನ್ 7 5800ಎಕ್ಸ್3ಡಿ: ಓವರ್‌ಕ್ಲಾಕ್‌ಗೆ ಒಗ್ಗದ ಪ್ರೊಸೆಸರ್

ಎಎಂಡಿಯ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರನ್ನು ಹಳೆಯ ಬಿ450 ಮದರ್‌ಬೋರ್ಡಿಗೆ ಹಾಕಿಕೊಂಡ ಹಲವರನ್ನು ಮೊದಲಿಗೆ ಕಾಡುವ ಪ್ರಶ್ನೆ, ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಏನೇ ಬದಲಿಸಿದರೂ ಇದರ ವೇಗ 4.5 ಗಿಗಾಹರ್ಟ್ಜ್‌ನಿಂದ ಮೇಲೇಳುವುದಿಲ್ಲವೇಕೆ ಎಂಬುದು. ಅದೇ ಬೋರ್ಡಿನಲ್ಲಿ ಹಿಂದೆ ರೈಜೆನ್ 5 3600 ಇಟ್ಟುಕೊಂಡು ವೇಗ ನಿರ್ಧರಿಸುವ ಗುಣಕವಾದ ಮಲ್ಟಿಪ್ಲೈಯರನ್ನು ಏರಿಸಿ ಓವರ್‌ಕ್ಲಾಕ್ ಮಾಡಿ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಿ, ಅಭ್ಯಾಸವಿದ್ದವರಿಗೆ, ಬೋರ್ಡು ಕೆಟ್ಟಿದೆಯೋ ಪವರ್ ಸಪ್ಲೈ ಸಾಲುತ್ತಿಲ್ಲವೋ ಎಂಬ ಅನುಮಾನ ಬರುವುದು ಸಹಜ. ಎರಡೂ ಅಲ್ಲ. ಈ ಪ್ರೊಸೆಸರಿನ ಮಲ್ಟಿಪ್ಲೈಯರಿಗೂ ವೋಲ್ಟೇಜಿಗೂ ತಯಾರಕರೇ ಬೀಗ ಹಾಕಿದ್ದಾರೆ. 2022ರ ಏಪ್ರಿಲ್‌ನಲ್ಲಿ 449 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬರುವ ಮೊದಲೇ ಅದನ್ನು ಬಹಿರಂಗವಾಗಿ ತಿಳಿಸಿಯೂ ಇದ್ದರು.

ಬೀಗಕ್ಕೆ ಕಾರಣ ಇದರ ರಚನೆಯಲ್ಲಿಯೇ ಇದೆ. 8 ಕೋರ್, 16 ಥ್ರೆಡ್‌ಗಳ ಮಟ್ಟಿಗೆ ಇದು ಸಾಮಾನ್ಯ 5800ಎಕ್ಸ್‌ಗಿಂತ ಬೇರೆಯಲ್ಲ. ಆದರೆ ಅದರಲ್ಲಿರುವ 32 ಎಂಬಿ ಎಲ್3 ಕ್ಯಾಶೆಯ (ಪ್ರೊಸೆಸರಿನೊಳಗಿನ ಅತಿವೇಗದ ಸ್ಮೃತಿ) ಮೇಲೆ ಇನ್ನೂ 64 ಎಂಬಿಯ ತೆಳು ಸಿಲಿಕಾನ್ ಪದರವೊಂದನ್ನು ಕೂರಿಸಿ, ಒಟ್ಟು 96 ಎಂಬಿ ಮಾಡಲಾಗಿದೆ. ಈ ಪದರ ಹೆಚ್ಚಿನ ವೋಲ್ಟೇಜನ್ನು ತಡೆಯಲಾರದು. ಇದೇ ಪೀಳಿಗೆಯ ಇತರ ರೈಜೆನ್‌ಗಳು ಹಗುರ ಕೆಲಸದಲ್ಲಿ 1.5 ವೋಲ್ಟಿನ ಸಮೀಪಕ್ಕೂ ಹೋಗುತ್ತವೆ. ಇದರ ಮಿತಿ 1.35 ವೋಲ್ಟ್. 5800ಎಕ್ಸ್ 4.7 ಗಿಗಾಹರ್ಟ್ಜ್ ಮುಟ್ಟುವಲ್ಲಿ ಇದು 4.5ಕ್ಕೇ ನಿಲ್ಲುತ್ತದೆ. ಸಾಲದೆಂಬಂತೆ, ಕೋರ್‌ಗಳ ಮೇಲೂ ಎತ್ತರ ಸರಿದೂಗಿಸುವ ಸಿಲಿಕಾನ್ ತುಂಡುಗಳಿರುವುದರಿಂದ ಬಿಸಿಯು ಕಂಬಳಿ ಹೊದ್ದವರ ಮೈಶಾಖದಂತೆ ಒಳಗೇ ಉಳಿಯುತ್ತದೆ.

ಹಾಗೆಂದು ವೇಗ ಕಡಿಮೆಯಾದ ಪ್ರತಿ ಸಲವೂ ಬೀಗವನ್ನೇ ದೂರುವಂತಿಲ್ಲ. ಹಗುರ ಕೆಲಸದಲ್ಲಿಯೂ 4.5ರ ಹತ್ತಿರ ಸುಳಿಯದಿದ್ದರೆ, ಅಥವಾ ಎಲ್ಲ ಕೋರ್‌ಗಳಿಗೂ ಕೆಲಸ ಬಿದ್ದಾಗ 4ಕ್ಕಿಂತ ಕೆಳಗೆ ಜಾರಿದರೆ ಅಲ್ಲಿ ಬೇರೇನೋ ಕೊರತೆಯಿದೆ ಎಂದರ್ಥ. ನಾನಾದರೆ ಮೊದಲು ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದು ಉಷ್ಣಾಂಶ ನೋಡುತ್ತೇನೆ. ಅದು 90 ಡಿಗ್ರಿ ಮುಟ್ಟಿ ನಿಂತಿದ್ದರೆ ಕೂಲರ್ ಸಾಲದು, ಇಲ್ಲವೇ ಥರ್ಮಲ್ ಪೇಸ್ಟ್ ಒಣಗಿದೆ. ಇದರ ಡಬ್ಬಿಯೊಳಗೆ ಕೂಲರ್ ಬರುವುದಿಲ್ಲವಾದ್ದರಿಂದ ಹಳೆಯ 65 ವ್ಯಾಟ್ ಪ್ರೊಸೆಸರಿನ ಜೊತೆ ಬಂದ ಚಿಕ್ಕ ಕೂಲರನ್ನೇ ಮುಂದುವರಿಸುವವರಿದ್ದಾರೆ. 105 ವ್ಯಾಟಿನ ಈ ಪ್ರೊಸೆಸರಿಗೆ ಅದು ಆಗಿಬರುವುದಿಲ್ಲ. ಉಷ್ಣಾಂಶ ಸರಿಯಿದ್ದೂ ವೇಗ ಬರದಿದ್ದರೆ ಬಯೋಸ್ ಹಳೆಯದಾಗಿರಬಹುದು, ಅಥವಾ ವಿಂಡೋಸಿನ ಪವರ್ ಪ್ಲಾನ್ ವೇಗಕ್ಕೆ ಕಡಿವಾಣ ಹಾಕಿರಬಹುದು. ಅಗ್ಗದ ಬೋರ್ಡುಗಳಲ್ಲಿ ವಿದ್ಯುತ್ ಪೂರೈಸುವ ವಿಆರ್‌ಎಂ ಎಂಬ ಭಾಗ ಬಿಸಿಯೇರಿ ಹಿಂಜರಿಯುವುದೂ ಉಂಟು.

ಮಲ್ಟಿಪ್ಲೈಯರ್ ಗುಣಿಸುವ ಮೂಲ ವೇಗವಾದ ಬೇಸ್ ಕ್ಲಾಕನ್ನು 100 ಮೆಗಾಹರ್ಟ್ಜ್‌ನಿಂದ ಮೇಲಕ್ಕೇರಿಸಿ ಬೀಗವನ್ನು ತಪ್ಪಿಸಿಕೊಂಡು ಹೋಗುವ ದಾರಿಯೊಂದಿದೆ. ಪ್ರತ್ಯೇಕ ಕ್ಲಾಕ್ ಜನರೇಟರ್ ಇರುವ ದುಬಾರಿ ಬೋರ್ಡುಗಳಿಗಷ್ಟೇ ಅದು ಹೊಂದುತ್ತದೆ. ಉಳಿದವುಗಳಲ್ಲಿ ಗ್ರಾಫಿಕ್ಸ್ ಕಾರ್ಡು, ಡಿಸ್ಕುಗಳನ್ನು ಜೋಡಿಸುವ ಪಿಸಿಐಇ, ಸಾಟಾಗಳ ವೇಗವೂ ಜೊತೆಗೇ ಏರಿ ಡಿಸ್ಕಿನ ದತ್ತಾಂಶಕ್ಕೇ ಸಂಚಕಾರ ಬರಬಹುದು. ನಾನು ಇದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ನಿಜವಾದ ಫಲ ಸಿಗುವುದು ತದ್ವಿರುದ್ಧ ದಿಕ್ಕಿನಲ್ಲಿ, ಅಂದರೆ ವೋಲ್ಟೇಜ್ ಇಳಿಸುವುದರಲ್ಲಿ. ವೇಗಕ್ಕೆ ತಕ್ಕ ವೋಲ್ಟೇಜನ್ನು ಹೊಂದಿಸುವ ಕರ್ವ್ ಆಪ್ಟಿಮೈಸರ್ ಆಯ್ಕೆಯಲ್ಲಿ ಋಣ ಮೌಲ್ಯ ಕೊಟ್ಟರೆ ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಸಾಕಾಗಿ, ಬಿಸಿ ಇಳಿದು, ಭಾರದ ಕೆಲಸದಲ್ಲಿ ಪ್ರೊಸೆಸರ್ ತನ್ನ ಗರಿಷ್ಠ ವೇಗವನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಆರಂಭದಲ್ಲಿ ಈ ಆಯ್ಕೆ ಬೋರ್ಡುಗಳಲ್ಲಿ ಇರಲಿಲ್ಲ. ಅದಕ್ಕಾಗಿ ಪಿಬಿಒ2 ಟ್ಯೂನರ್ ಎಂಬ ಪುಟ್ಟ ತಂತ್ರಾಂಶವನ್ನು ವಿಂಡೋಸಿನೊಳಗೆ ಓಡಿಸಬೇಕಿತ್ತು, ಮತ್ತು ಯಂತ್ರ ಮರುಚಾಲನೆಯಾದಾಗಲೆಲ್ಲ ಮೌಲ್ಯಗಳನ್ನು ಮತ್ತೆ ಹೊಂದಿಸಬೇಕಿತ್ತು. ಅನಂತರ ಎಂಎಸ್‌ಐ ತನ್ನ ಬೋರ್ಡುಗಳಿಗೆ ಕಾಂಬೊ ಸ್ಟ್ರೈಕ್ ಎಂಬ ಹೆಸರಿನಲ್ಲಿ 3 ಹಂತಗಳ ಆಯ್ಕೆಯನ್ನು ಬಯೋಸ್‌ನಲ್ಲಿಯೇ ಕೊಟ್ಟಿತು. ಒಮ್ಮೆಲೇ ಋಣ 30ಕ್ಕೆ ಧುಮುಕುವ ಬದಲು 10ರಿಂದ ಶುರುಮಾಡುವುದು ಲೇಸು. ಸಿನೆಬೆಂಚ್ ಎಂಬ ಭಾರದ ಪರೀಕ್ಷೆ ಸುಸೂತ್ರವಾಗಿ ಮುಗಿಯಿತೆಂದು ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ವೋಲ್ಟೇಜ್ ತೀರಾ ಇಳಿಸಿದ ಯಂತ್ರ ಭಾರದ ಕೆಲಸವನ್ನೆಲ್ಲ ದಾಟಿ, ಸುಮ್ಮನಿದ್ದಾಗ ತಟ್ಟನೆ ಮರುಚಾಲನೆಯಾಗುವುದುಂಟು. ಕೋರ್‌ಸೈಕ್ಲರ್ ತಂತ್ರಾಂಶದಿಂದ ಒಂದೊಂದೇ ಕೋರನ್ನು ಪರೀಕ್ಷಿಸಬೇಕು, ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಹಾರ್ಡ್‌ವೇರ್ ದೋಷಗಳು ದಾಖಲಾಗಿವೆಯೇ ಎಂದೂ ನೋಡಬೇಕು.

ರ‍್ಯಾಮಿಗೆ ಬೀಗವಿಲ್ಲ. ಡಿಡಿಆರ್4 3600ನ್ನು 1800 ಮೆಗಾಹರ್ಟ್ಜ್ ಇನ್ಫಿನಿಟಿ ಫ್ಯಾಬ್ರಿಕ್ (ಪ್ರೊಸೆಸರಿನ ಭಾಗಗಳನ್ನು ಬೆಸೆಯುವ ಸಂಪರ್ಕ) ಜೊತೆ ಓಡಿಸಬಹುದು. ಆದರೆ ಇಷ್ಟು ದೊಡ್ಡ ಕ್ಯಾಶೆಯ ಮುಂದೆ ರ‍್ಯಾಮಿನ ವೇಗ ತರುವ ವ್ಯತ್ಯಾಸ ಅಲ್ಪ; ಬಯೋಸ್‌ನಲ್ಲಿರುವ ಸಿದ್ಧ ವೇಗ ಹೊಂದಿಕೆಯಾದ ಎಕ್ಸ್‌ಎಂಪಿ ಚಾಲೂ ಮಾಡಿ ಬಿಟ್ಟರೆ ಸಾಕು.

ಆಟಗಳಲ್ಲಿ, ಅದರಲ್ಲೂ ಸಿಮ್ಯುಲೇಟರ್‌ಗಳಲ್ಲಿ, ಈ ಪ್ರೊಸೆಸರ್ 5800ಎಕ್ಸನ್ನು ಎದ್ದು ಕಾಣುವಷ್ಟು ಹಿಂದಿಕ್ಕುತ್ತದೆ. ರೆಂಡರಿಂಗ್‌ನಂಥ ಕೆಲಸದಲ್ಲಿ ತುಸು ಹಿಂದೆ ಬೀಳುತ್ತದೆ. ಹಳೆಯ ಎಎಂ4 ಸಾಕೆಟ್ಟಿನ ಬೋರ್ಡು, ಡಿಡಿಆರ್4 ರ‍್ಯಾಮ್ ಎರಡನ್ನೂ ಉಳಿಸಿಕೊಂಡು ಆಟಕ್ಕಾಗಿಯೇ ಯಂತ್ರವನ್ನು ಬಲಪಡಿಸುವವರಿಗೆ ಇದು ಒಪ್ಪುತ್ತದೆ. ಕೈಗೆ ಸಿಗದಿದ್ದರೆ 2024ರಲ್ಲಿ ಬಂದ 5700ಎಕ್ಸ್3ಡಿ ಇದೆ, ವೇಗ 4.1ಕ್ಕೆ ಮಿತಿ, ಬೀಗ ಅದಕ್ಕೂ ಇದೆ. ಓವರ್‌ಕ್ಲಾಕ್ ಮಾಡುವ ಸುಖವೇ ಬೇಕೆನ್ನುವವರು 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯನ್ನು ನೋಡಬೇಕು. ಅದರಲ್ಲಿ ಕ್ಯಾಶೆಯ ಪದರವನ್ನು ಕೋರ್‌ಗಳ ಕೆಳಕ್ಕೆ ಸರಿಸಿರುವುದರಿಂದ ಬಿಸಿ ನೇರವಾಗಿ ಕೂಲರಿಗೆ ತಲುಪುತ್ತದೆ, ಮಲ್ಟಿಪ್ಲೈಯರಿಗೆ ಬೀಗವೂ ಇಲ್ಲ; ಆದರೆ ಎಎಂ5 ಬೋರ್ಡಿಗೂ ಡಿಡಿಆರ್5 ರ‍್ಯಾಮಿಗೂ ಹೊಸದಾಗಿ ಹಣ ಹಾಕಬೇಕಾಗುತ್ತದೆ.