ಪರದೇಶದಲ್ಲಿ ಊರಿನ ಟಿವಿ: ಎಲ್ಲ ದಾರಿ ನೋಡಿ ಅಕ್ಕನ ಮನೆಯ ಡಬ್ಬಿಗೆ ಬಂದೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಆಯ್ಕೆ ಅಕ್ಕನ ಮನೆಯ ಟಿವಿ ಹಿಂದೆ ಕೂತಿರುವ ಅಂಗೈ ಅಗಲದ ಒಂದು ಕಂಪ್ಯೂಟರ್. ಅದಕ್ಕೂ ಮುಂಚೆ ಮೂರು ಕಡೆ ದುಡ್ಡು ಹಾಕಿದ್ದೆ. ಒಂದರಲ್ಲಿ ಪೂರ್ತಿ ಹೋಯಿತು, ಒಂದರಲ್ಲಿ ಅರ್ಧ ಹೋಯಿತು. ಮೂರನೆಯದು ಇವತ್ತಿಗೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ನನಗೆ ಬೇಕಾದದ್ದು ಅದರಲ್ಲಿ ಸಿಗಲಿಲ್ಲ. ದೇಶ ಬಿಟ್ಟು ಬಂದವರು ಯಾರಾದರೂ ಇದೇ ಸುತ್ತಾಟದಲ್ಲಿದ್ದರೆ ಅವರ ದುಡ್ಡಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನನಗೆ ಏನು ಬೇಕಿತ್ತು ಅಂತ ಹೇಳದಿದ್ದರೆ ಈ ಹೋಲಿಕೆಗೆ ಅರ್ಥ ಇರುವುದಿಲ್ಲ. ಧಾರಾವಾಹಿಯ ಕಂತು ನಾಳೆ ಸಿಕ್ಕರೂ ನಡೆಯುತ್ತದೆ ಅನ್ನುವವರಿಗೆ ದಾರಿ ಸುಲಭ. ನನಗೆ ಅಮ್ಮ ನೋಡುವುದನ್ನು ಅಮ್ಮ ನೋಡುತ್ತಿರುವಾಗಲೇ ನೋಡಬೇಕು. ಶನಿವಾರ, ಭಾನುವಾರ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಒಂದೇ ಚಾನೆಲ್ ಮುಂದೆ ಕೂರುತ್ತೇವೆ. ಮಾತು ಜಾಸ್ತಿ ಇರುವುದಿಲ್ಲ. "ನೋಡಿದ್ಯಾ?" ಅಂತ ಅಮ್ಮ ಕೇಳಿದರೆ "ಹ್ಞೂಂ, ನೋಡಿದೆ" ಅನ್ನಬೇಕು, ಅಷ್ಟೇ. ಮಧ್ಯದ ಜಾಹೀರಾತೂ ಬೇಕು, ಸುದ್ದಿಯ ಕೆಳಗೆ ಓಡುವ ಸಾಲೂ ಬೇಕು. ದೂರ ಬಂದ ಮೇಲೆ ಅವೆಲ್ಲ ಎಷ್ಟು ಹತ್ತಿರದವು ಅನ್ನಿಸುತ್ತದೆ.

ಶುರುವಿನಲ್ಲಿ ವಿಡಿಯೋ ಕಾಲ್ ಮಾಡಿ ಅಕ್ಕ ಫೋನನ್ನು ಟಿವಿಗೆ ಹಿಡಿಯುತ್ತಿದ್ದಳು. ಚಿತ್ರ ಹೇಗೋ ಕಾಣುತ್ತಿತ್ತು, ಧ್ವನಿ ಮಾತ್ರ ಬಂದು ಬಂದು ಹೋಗುತ್ತಿತ್ತು. ಕಾಲ್ ಮಾಡುವ ಆ್ಯಪ್‌ಗಳು ಮನುಷ್ಯರ ಮಾತನ್ನು ಉಳಿಸಿಕೊಂಡು ಹಿಂದಿನ ಸದ್ದನ್ನು ಅಳಿಸುತ್ತವೆ. ಟಿವಿಯ ಸಂಗೀತ ಅವಕ್ಕೆ ಬರೀ ಗದ್ದಲ. ಅಕ್ಕನ ಕೈಯೂ ನೋಯುತ್ತಿತ್ತು. ಎರಡು ವಾರಕ್ಕೆ ನಿಲ್ಲಿಸಿದೆವು.

ಆಮೇಲೆ ಕೊಂಡದ್ದು ಸಾವಿರಾರು ಚಾನೆಲ್ ಬರುತ್ತದೆ, ಒಮ್ಮೆ ಕೊಟ್ಟರೆ ಜೀವನಪರ್ಯಂತ ಅಂತ ಮಾರುವ ಆಂಡ್ರಾಯ್ಡ್ ಬಾಕ್ಸ್. ಇದನ್ನು ಯಾರೂ ಕೊಳ್ಳಬೇಡಿ. ಮೂರು ತಿಂಗಳು ಬಂತು, ಒಂದು ದಿನ ಎಲ್ಲ ಚಾನೆಲ್ ಕಪ್ಪಾದವು. ಮಾರಿದವರ ಫೋನ್ ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. ಚಾನೆಲ್‌ಗಳ ಅನುಮತಿ ಇಲ್ಲದೆ ಕದ್ದು ಹಂಚುವ ವ್ಯವಸ್ಥೆ ಅದು, ಮೂಲ ಮುಚ್ಚಿದರೆ ದೂರು ಕೊಡಲೂ ಜಾಗವಿಲ್ಲ. ದುಡ್ಡು ಹೋದದ್ದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಇಂಥ ಅಗ್ಗದ ಬಾಕ್ಸ್‌ಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ಕುತಂತ್ರಾಂಶ ಹೊತ್ತು ಬರುತ್ತವೆ. ಮನೆಯ ಇಂಟರ್ನೆಟ್ಟನ್ನು ಬೇರೆಯವರ ಅಪರಾಧಕ್ಕೆ ಬಾಡಿಗೆಗೆ ಬಿಡುತ್ತವೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ 'ಬ್ಯಾಡ್‌ಬಾಕ್ಸ್ 2.0' ಹೆಸರಿನ ಇಂಥದೇ ಜಾಲದ ಬಗ್ಗೆ ಜನರನ್ನು ಎಚ್ಚರಿಸಿತ್ತು. ನಾನು ಬ್ಯಾಂಕಿನ ಕೆಲಸ ಮಾಡುವ ಅದೇ ವೈಫೈಗೆ ಆ ಬಾಕ್ಸನ್ನೂ ಜೋಡಿಸಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಡಿಶ್ ಹಾಕಿಸಿ ಅಂದವರೂ ಇದ್ದರು. ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ, ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ. ಅದರ ಕಿರಣವನ್ನು ಒಂದು ದೇಶದ ಮೇಲೆ ಬೀಳುವ ಹಾಗೆ ತಿದ್ದಿರುತ್ತಾರೆ. ಗಡಿಯಾಚೆ ಹೋದಷ್ಟೂ ಸಿಗ್ನಲ್ ಸೊರಗುತ್ತದೆ, ಡಿಶ್ ದೊಡ್ಡದಾಗಬೇಕು. ಪಕ್ಕದ ದೇಶದಲ್ಲಿದ್ದರೆ ವಿಚಾರಿಸಿ ನೋಡಬಹುದು. ನಾನಿರುವಲ್ಲಿಂದ ಆ ಉಪಗ್ರಹ ದಿಗಂತದ ಕೆಳಗಿದೆ. ಹಾಗಾಗಿ ಅದನ್ನು ಕೈಬಿಟ್ಟೆ.

ಆಮೇಲೆ ದುಡ್ಡು ಹಾಕಿದ್ದು ವಿಪಿಎನ್‌ಗೆ, ಅಂದರೆ ನಾವು ಬೇರೆ ದೇಶದಲ್ಲಿ ಕೂತು ಇಂಟರ್ನೆಟ್ ನೋಡುತ್ತಿದ್ದೇವೆ ಅನ್ನುವ ಹಾಗೆ ತೋರಿಸುವ ಸೇವೆಗೆ. ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ ಅಗ್ಗ ಅಂತ ಕಟ್ಟಿದೆ. ಇದರ ತೊಂದರೆ ತಿಳಿಯಬೇಕಾದರೆ ತಡೆ ಯಾಕೆ ಇದೆ ಅಂತ ತಿಳಿಯಬೇಕು. ಚಾನೆಲ್‌ನವರು ಸಿನಿಮಾ, ಆಟಗಳ ಹಕ್ಕನ್ನು ದೇಶಕ್ಕೆ ಇಷ್ಟು ಅಂತ ಕೊಂಡಿರುತ್ತಾರೆ. ಹೊರದೇಶದ ಹಕ್ಕು ಬೇರೆಯವರ ಕೈಯಲ್ಲಿ ಇರಬಹುದು. ಹಾಗಾಗಿ ನಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಸಂಪರ್ಕಕ್ಕೆ ಇರುವ ಸಂಖ್ಯೆ ನೋಡಿ ಎಲ್ಲಿದ್ದೇವೆ ಅಂತ ಲೆಕ್ಕ ಹಾಕಿ ಬಾಗಿಲು ಹಾಕುತ್ತಾರೆ. ವಿಪಿಎನ್ ನಮಗೆ ತವರಿನ ವಿಳಾಸ ಒಂದನ್ನು ಕೊಡುತ್ತದೆ ನಿಜ. ಆದರೆ ಅದು ಮನೆಯದಲ್ಲ, ಸರ್ವರ್‌ಗಳನ್ನು ಇಡುವ ಡೇಟಾ ಸೆಂಟರಿನ ವಿಳಾಸ. ಸಾವಿರಾರು ಜನ ಅದೇ ವಿಳಾಸದಿಂದ ಬಂದರೆ ಯಾರಿಗೆ ಗೊತ್ತಾಗುವುದಿಲ್ಲ? 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಇಂಥ ವಿಳಾಸಗಳನ್ನು ತಡೆಯುತ್ತೇವೆ ಅಂತ ಬಹಿರಂಗವಾಗಿಯೇ ಹೇಳಿತ್ತು. ನನಗೆ ಆರು ತಿಂಗಳು ಆಟ ನಡೆಯಿತು. ಇವತ್ತು ಬಂದದ್ದು ನಾಳೆ ಬರುತ್ತಿರಲಿಲ್ಲ. ಸರ್ವರ್ ಬದಲಿಸು, ಕುಕೀ ಅಳಿಸು, ಮತ್ತೆ ಲಾಗಿನ್ ಆಗು. ಅಷ್ಟರಲ್ಲಿ ಅಮ್ಮನ ಕಾರ್ಯಕ್ರಮ ಮುಗಿದಿರುತ್ತಿತ್ತು. ಉಳಿದ ಆರು ತಿಂಗಳ ದುಡ್ಡು ಸುಮ್ನೆ ಹೋಯಿತು.

ಇನ್ನು ಅಧಿಕೃತ ದಾರಿ, ಅಂದರೆ ಹೊರದೇಶದವರಿಗೆ ಅಂತಲೇ ಮಾಡಿದ ಆ್ಯಪ್‌ನ ಚಂದಾ. ಇದಕ್ಕೆ ನನ್ನ ಗೌರವ ಇದೆ. ಚಿತ್ರ ಸ್ವಚ್ಛ, ಟಿವಿಯಲ್ಲೇ ನೇರವಾಗಿ ತೆರೆಯುತ್ತದೆ, ದುಡ್ಡು ಕಾರ್ಯಕ್ರಮ ಮಾಡಿದವರಿಗೇ ಸೇರುತ್ತದೆ. ಹಳೆಯ ಕಂತುಗಳೂ ಸಿಗುತ್ತವೆ. ಊರಿನಲ್ಲಿ ಸಹಾಯಕ್ಕೆ ಯಾರೂ ಇಲ್ಲದವರು, ತಂತಿ ಡಬ್ಬಿಗಳ ಸಹವಾಸ ಬೇಡ ಅನ್ನುವವರು ಬೇರೆ ಯೋಚನೆ ಮಾಡದೆ ಇದನ್ನೇ ತೆಗೆದುಕೊಳ್ಳಿ. ಯುರೋಪಿನ ಒಕ್ಕೂಟದೊಳಗೆ ಓಡಾಡುವವರಿಗೆ ಇನ್ನೂ ಒಂದು ಅನುಕೂಲ ಇದೆ. 2018ರ ಏಪ್ರಿಲ್ 1ರಿಂದ ಅಲ್ಲಿನ ದುಡ್ಡು ಕೊಟ್ಟ ಚಂದಾ ಒಕ್ಕೂಟದ ಇನ್ನೊಂದು ದೇಶಕ್ಕೆ ಹೋದಾಗಲೂ ನಡೆಯಬೇಕು ಅಂತ ಕಾನೂನಿದೆ. ಆದರೆ ಅದು ತಾತ್ಕಾಲಿಕವಾಗಿ ಹೋದವರಿಗೆ, ಮನೆ ಬದಲಿಸಿದವರಿಗಲ್ಲ.

ನನಗೆ ಯಾಕೆ ಸಾಲಲಿಲ್ಲ ಅಂದರೆ, ಅದು ಅಮ್ಮನ ಟಿವಿ ಅಲ್ಲ. ಆಟ ಶುರುವಾದರೆ ಪರದೆ ಮೇಲೆ ಇಲ್ಲಿ ತೋರಿಸುವ ಹಕ್ಕಿಲ್ಲ ಅನ್ನುವ ಒಂದು ಸೂಚನೆ ಮಾತ್ರ. ಜಾಹೀರಾತಿನ ಹೊತ್ತಿಗೆ ಒಂದೇ ಚಿತ್ರ, ಒಂದೇ ಸಂಗೀತ. ಜೊತೆಗೆ ತಡ. ಇಂಟರ್ನೆಟ್ಟಿನ ನೇರ ಪ್ರಸಾರವನ್ನು ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ. ಕೆಲವು ತುಂಡು ಕೂಡಿಟ್ಟುಕೊಂಡ ಮೇಲೆಯೇ ನಮ್ಮ ಕಡೆ ಚಿತ್ರ ಶುರು. ನನ್ನ ಲೆಕ್ಕದಲ್ಲಿ ಅಮ್ಮನಿಗಿಂತ ನಲವತ್ತು ಸೆಕೆಂಡು ಹಿಂದೆ ಇರುತ್ತಿದ್ದೆ. ಅಮ್ಮ "ಅಯ್ಯೋ!" ಅಂದಾಗ ನನ್ನ ಪರದೆಯಲ್ಲಿ ಏನೂ ಆಗಿರುತ್ತಿರಲಿಲ್ಲ. ಕೊನೆಗೆ ಅಮ್ಮ ನನಗೋಸ್ಕರ ಬಾಯಿ ಬಿಗಿಹಿಡಿದು ಕೂರತೊಡಗಿದಳು. ಅದು ನನಗೆ ಸರಿ ಬರಲಿಲ್ಲ.

ಯೂಟ್ಯೂಬಿನಲ್ಲಿ ಸುದ್ದಿ ಚಾನೆಲ್‌ಗಳ ನೇರ ಪ್ರಸಾರ ಉಚಿತವಾಗಿ ಸಿಗುತ್ತದೆ. ಬರೀ ಸುದ್ದಿ ಸಾಕು ಅನ್ನುವವರಿಗೆ ಅಷ್ಟೇ ಸಾಕು.

ಈಗ ಡಬ್ಬಿಗೆ ಬರೋಣ. ಮನೆಯ ಟಿವಿಯನ್ನು ದೂರದಿಂದ ನೋಡುವ ಯೋಚನೆ ಹೊಸದೇನಲ್ಲ. 2005ರಲ್ಲೇ ಅಮೆರಿಕದಲ್ಲಿ ಸ್ಲಿಂಗ್‌ಬಾಕ್ಸ್ ಅಂತ ಒಂದು ಉಪಕರಣ ಬಂದಿತ್ತು. ಅದು ತಯಾರಕರ ಸರ್ವರನ್ನು ನಂಬಿಕೊಂಡಿತ್ತು. 2022ರ ನವೆಂಬರ್ 9ರಂದು ಆ ಸರ್ವರ್‌ಗಳು ನಿಂತವು. ಹಾಗಾಗಿ ನನ್ನದು ಒಂದೇ ಕಂಪನಿಯ ಉಸಿರಿನ ಮೇಲೆ ನಿಲ್ಲಬಾರದು ಅಂತ ತೀರ್ಮಾನಿಸಿದ್ದೆ. ರಾಸ್‌ಬೆರಿ ಪೈ 4 ಅನ್ನುವ ಆ ಅಂಗೈ ಅಗಲದ ಕಂಪ್ಯೂಟರ್, ಟಿವಿ ಸಿಗ್ನಲ್ ಹಿಡಿಯುವ ಯುಎಸ್‌ಬಿ ಟ್ಯೂನರ್, ಒಂದು ಆಂಟೆನಾ, ಹಿಡಿದ ಚಾನೆಲನ್ನು ಇಂಟರ್ನೆಟ್ಟಿನಲ್ಲಿ ಕಳಿಸುವ ಟಿವಿಹೆಡೆಂಡ್ ಅನ್ನುವ ಉಚಿತ ತಂತ್ರಾಂಶ. ಇಷ್ಟೇ ಸಾಮಾನು. ಪೈ 5 ಆಗಲೇ ಬಂದಿತ್ತು, ಆದರೂ ಬೇಕೆಂದೇ ಹಳೆಯದನ್ನು ತಗೊಂಡೆ. ವಿಡಿಯೋವನ್ನು ಕಳಿಸಲು ಹಗುರವಾಗುವಂತೆ ಎಚ್.264 ಅನ್ನುವ ಮಾದರಿಗೆ ಕುಗ್ಗಿಸುವ ಯಂತ್ರಾಂಶ 4ರಲ್ಲಿ ಇದೆ, 5ರಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಸಿಗುವುದು ಗಾಳಿಯಲ್ಲಿ ಉಚಿತವಾಗಿ ಬರುವ ಚಾನೆಲ್‌ಗಳು ಮಾತ್ರ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕಿಂಡಿಯಿಂದ ತೆಗೆಯೋಣ ಅಂದರೆ ಅಲ್ಲಿ ನಕಲು ತಡೆಯುವ ಗೂಢಲಿಪಿ ಇರುತ್ತದೆ. ಅಮ್ಮ ನೋಡುವುದು ಉಚಿತ ಚಾನೆಲ್ಲೇ ಆದ್ದರಿಂದ ನನಗೆ ತೊಂದರೆ ಆಗಲಿಲ್ಲ.

ರಜೆಗೆ ಹೋದಾಗ ಇದನ್ನೆಲ್ಲ ಜೋಡಿಸಿದೆ. ಅಕ್ಕನ ಮನೆಯ ವೈಫೈನಲ್ಲಿ ಫೋನ್ ಹಿಡಿದು ನೋಡಿದರೆ ಚಿತ್ರ ಕನ್ನಡಿಯ ಹಾಗೆ. ಖುಷಿಯಿಂದ ವಿಮಾನ ಹತ್ತಿದೆ. ಇಲ್ಲಿಗೆ ಬಂದು ತೆರೆದರೆ ಏನೂ ಇಲ್ಲ. ಖಾಲಿ ಪರದೆ.

ಇದೊಂದು ತೊಡಕು ನನ್ನ ಮೂರು ವಾರ ತಿಂದಿತು, ಅದಕ್ಕೇ ವಿವರವಾಗಿ ಹೇಳುತ್ತೇನೆ. ದಿನಾ ಸಂಜೆ ಅಕ್ಕನಿಗೆ ಫೋನ್ ಮಾಡುವುದು, ಅವಳು ರೂಟರಿನ ಪುಟ ತೆರೆಯುವುದು, ನಾನು ಹೇಳಿದ ಅಂಕಿ ಒತ್ತುವುದು. ಪೋರ್ಟ್ ಫಾರ್ವರ್ಡಿಂಗ್ ಅಂತ ಒಂದು ಜಾಗ ಇರುತ್ತದೆ, ಹೊರಗಿನಿಂದ ಬಂದವರನ್ನು ಇಂಥ ಯಂತ್ರದ ಹತ್ತಿರ ಕಳಿಸು ಅಂತ ರೂಟರಿಗೆ ಹೇಳುವುದಕ್ಕೆ. ಎಲ್ಲ ಸರಿಯಾಗಿಯೇ ತುಂಬಿಸಿದ್ದೆವು. ಆದರೂ ಒಳಗೆ ಬಿಡುತ್ತಿರಲಿಲ್ಲ. "ನಾನೇ ಏನೋ ತಪ್ಪು ಒತ್ತಿದೆ ಅನ್ಸುತ್ತೆ ಕಣೋ" ಅಂತ ಅಕ್ಕ ಬೇಜಾರು ಮಾಡಿಕೊಂಡಳು. ಅವಳ ತಪ್ಪು ಒಂದಿಷ್ಟೂ ಇರಲಿಲ್ಲ.

ಕೊನೆಗೆ ಒಂದು ರಾತ್ರಿ ರೂಟರಿನಲ್ಲಿ ಹೊರಗಿನ ವಿಳಾಸ ಅಂತ ಇರುವ ಸಾಲನ್ನು ಓದು ಅಂದೆ. "ನೂರು, ಚುಕ್ಕಿ, ಎಪ್ಪತ್ತೆರಡು, ಚುಕ್ಕಿ..." ಅಂದಳು. ಅಲ್ಲೇ ಇತ್ತು ಉತ್ತರ. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ ಮಾತ್ರ. ಹಂಚುವ ಕೇಂದ್ರದ ಬಳಿ ಇದ್ದ ಕೊನೆಯ ಕಂತು 2011ರ ಫೆಬ್ರುವರಿಯಲ್ಲೇ ಮುಗಿದಿತ್ತು. ಆದ್ದರಿಂದ ಎಷ್ಟೋ ಕಡೆ ಇಂಟರ್ನೆಟ್ ಕೊಡುವವರು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ. ಹಾಗೆ ಕೂರಿಸಿದ ಮನೆಗಳಿಗೆ ಒಳಗೊಳಗೇ ಕೊಡಲು 100.64ರಿಂದ 100.127ರವರೆಗಿನ ಸಾಲನ್ನು 2012ರಲ್ಲಿ ಮೀಸಲಿಟ್ಟರು. ದೊಡ್ಡ ವಠಾರಕ್ಕೆಲ್ಲ ಸೇರಿ ಒಂದೇ ಬಾಗಿಲ ಸಂಖ್ಯೆ ಇದ್ದ ಹಾಗೆ ಇದು. ಒಳಗಿನವರು ಹೊರಗೆ ಹೋಗಿ ಬರಬಹುದು. ಹೊರಗಿನಿಂದ ಬಂದವನಿಗೆ ಅಕ್ಕನ ಮನೆ ಯಾವುದು ಅಂತ ಯಾರೂ ಹೇಳುವುದಿಲ್ಲ. ಅಕ್ಕನ ರೂಟರಿನಲ್ಲಿ ನಾವು ಎಷ್ಟು ಬಾಗಿಲು ತೆರೆದರೇನು, ವಠಾರದ ಬಾಗಿಲು ನಮ್ಮ ಕೈಯಲ್ಲಿ ಇರಲಿಲ್ಲ.

ಗೊತ್ತಾದ ಮೇಲೆ ಪರಿಹಾರ ಅರ್ಧ ಗಂಟೆಯದು. ಹೊರಗಿನಿಂದ ತಟ್ಟುವ ಬದಲು ಡಬ್ಬಿಯೇ ಒಳಗಿನಿಂದ ಹೊರಗೆ ಕೂಗಬೇಕು. ಭಾವ ತಮ್ಮ ಲ್ಯಾಪ್‌ಟಾಪಿನ ಪರದೆಯನ್ನು ನನಗೆ ಹಂಚಿಕೊಟ್ಟರು. ಅದರ ಮೂಲಕ ಪೈ ಒಳಗೆ ಹೋಗಿ ವೈರ್‌ಗಾರ್ಡ್ ಹಾಕಿದೆ, ಅದು ಎರಡು ಯಂತ್ರಗಳ ನಡುವೆ ಖಾಸಗಿ ದಾರಿ ಮಾಡಿಕೊಡುವ ತಂತ್ರಾಂಶ. ಸಾರ್ವಜನಿಕ ವಿಳಾಸ ಇರುವ ಒಂದು ಪುಟಾಣಿ ಸರ್ವರನ್ನು ಬಾಡಿಗೆಗೆ ತಗೊಂಡೆ. ಡಬ್ಬಿ ಪ್ರತಿ 25 ಸೆಕೆಂಡಿಗೊಮ್ಮೆ ಆ ಸರ್ವರಿಗೆ "ಇದ್ದೀನಿ" ಅಂತ ಒಂದು ಸಣ್ಣ ಸಂದೇಶ ಕಳಿಸುತ್ತದೆ. ಅದರಿಂದ ದಾರಿ ಮುಚ್ಚಿಕೊಳ್ಳುವುದಿಲ್ಲ. ನಾನು ಇತ್ತ ಕಡೆಯಿಂದ ಅದೇ ಸರ್ವರಿಗೆ ಹೋಗಿ ಡಬ್ಬಿಯನ್ನು ಸೇರುತ್ತೇನೆ. ಸರ್ವರ್ ಬಾಡಿಗೆ ಬೇಡ ಅಂದರೆ ಇದೇ ಕೆಲಸ ಮಾಡಿಕೊಡುವ ಟೇಲ್‌ಸ್ಕೇಲ್ ಅನ್ನುವ ಸೇವೆ ಇದೆ, ಮನೆ ಬಳಕೆಗೆ ಉಚಿತ, ಜೋಡಿಸುವುದೂ ಸುಲಭ. ಒಂದು ಕಂಪನಿಯನ್ನು ನಂಬಿಕೊಳ್ಳಬಾರದು ಅನ್ನುವ ನನ್ನ ಹಟಕ್ಕೆ ನಾನು ಅದನ್ನು ಹಾಕಲಿಲ್ಲ.

ನೀವು ಈ ದಾರಿ ಹಿಡಿದರೆ ಎರಡು ಕೆಲಸ ತಪ್ಪದೆ ಮಾಡಿ. ಸಾಮಾನು ಕೊಳ್ಳುವ ಮುಂಚೆಯೇ ಊರಿನ ರೂಟರಿನ ಹೊರವಿಳಾಸ ಕೇಳಿ ತಿಳಿದುಕೊಳ್ಳಿ. ಜೋಡಿಸಿದ ಮೇಲೆ ಅದೇ ಮನೆಯ ವೈಫೈನಲ್ಲಿ ಪರೀಕ್ಷಿಸಬೇಡಿ, ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿ. ನಾನು ಅಷ್ಟು ಮಾಡಿದ್ದರೆ ವಿಮಾನ ಹತ್ತುವ ಮುಂಚೆಯೇ ಗೊತ್ತಾಗುತ್ತಿತ್ತು.

ವೇಗದ ವಿಷಯ ಒಂದೇ ಮಾತು. ಊರಿನ ಕಡೆ ಲೆಕ್ಕಕ್ಕೆ ಬರುವುದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ನಾನು 4 ಎಂಬಿಪಿಎಸ್‌ಗೆ ಇಳಿಸಿಟ್ಟಿದ್ದೇನೆ, ಗಂಟೆಗೆ 1.8 ಜಿಬಿ ಆಗುತ್ತದೆ. ಅಕ್ಕನ ಪ್ಲಾನಿಗೆ ಮಿತಿ ಇದ್ದಿದ್ದರೆ ಇದನ್ನು ಮಾಡುತ್ತಲೇ ಇರಲಿಲ್ಲ, ಅವರ ಮನೆಯ ಇಂಟರ್ನೆಟ್ ತಿನ್ನುವುದು ಸರಿಯಲ್ಲ ಅಲ್ವಾ? ಕರೆಂಟ್ ಬಗ್ಗೆ ಭಾವ ಕೇಳಿದ್ದರು. ಐದು ವ್ಯಾಟ್ ಅಂತ ಹಿಡಿದರೂ ತಿಂಗಳಿಗೆ ನಾಲ್ಕು ಯುನಿಟ್ಟಿಗಿಂತ ಕಡಿಮೆ. ಕರೆಂಟ್ ಹೋಗಿ ಬಂದರೆ ಪೈ ತಾನಾಗಿಯೇ ಎದ್ದು ಕೂರುತ್ತದೆ, ಯಾರೂ ಗುಂಡಿ ಒತ್ತಬೇಕಿಲ್ಲ.

ದುಡ್ಡಿನ ಲೆಕ್ಕದಲ್ಲಿ ಮೊದಲ ವರ್ಷ ಅಧಿಕೃತ ಚಂದಾಕ್ಕಿಂತ ಇದಕ್ಕೇ ಜಾಸ್ತಿ ಹೋಯಿತು. ಎರಡನೇ ವರ್ಷ ಸರ್ವರಿನ ಬಾಡಿಗೆ ಮಾತ್ರ. ನಾನು ಇಲ್ಲಿ ಇನ್ನೂ ಕೆಲವು ವರ್ಷ ಇರುವವನು, ವಾರಕ್ಕೆ ಎರಡು ಸಂಜೆ ನೋಡುವವನು. ಆರು ತಿಂಗಳಿಗೆ ಅಂತ ಬಂದವರಿಗೆ ಇಷ್ಟು ಕಷ್ಟ ಬೇಡ, ಚಂದಾ ಕಟ್ಟಿ. ದಿನಾ ರಾತ್ರಿ ಒಂದೊಂದು ಹಳೆಯ ಕಂತು ನೋಡುವ ಅಭ್ಯಾಸ ಇದ್ದರೂ ಚಂದಾನೇ ಸರಿ. ಡಬ್ಬಿ ಧ್ವನಿಮುದ್ರಣದ ಹಾಗೆ ಕಾರ್ಯಕ್ರಮವನ್ನು ಹಿಡಿದಿಡುತ್ತದೆ ನಿಜ, ಆದರೆ ಮೊದಲೇ ಹೇಳಿರಬೇಕು.

ತಡ ಈಗ ಐದಾರು ಸೆಕೆಂಡು. ಅಮ್ಮ "ನೋಡಿದ್ಯಾ?" ಅಂತ ಕೇಳಿ ಮುಗಿಸುವಷ್ಟರಲ್ಲಿ ನನಗೂ ಬಂದಿರುತ್ತದೆ. ಒಂದು ಕೆಲಸ ಬಾಕಿ ಇದೆ. ಪೈ ಈಗ ಮೆಮೊರಿ ಕಾರ್ಡಿನ ಮೇಲೆ ಓಡುತ್ತಿದೆ, ಕಾರ್ಡಿನಲ್ಲಿ ದಿನಾ ಬರೆದು ಅಳಿಸುತ್ತಿದ್ದರೆ ಬೇಗ ಸವೆಯುತ್ತದೆ. ಹೋದ ತಿಂಗಳು ಎರಡು ಸಲ ನಿಂತಿತು. ಮುಂದಿನ ರಜೆಗೆ ಹೋಗುವಾಗ ಕಾರ್ಡಿನ ಬದಲಿಗೆ ಹಾಕಲು ಒಂದು ಸಣ್ಣ ಎಸ್‌ಎಸ್‌ಡಿ ಡ್ರೈವ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ.