ತಡೆದಿಟ್ಟ ಅಳು: ತೆರೆಯ ಮೇಲೆ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’

ಜೇನ್ ಆಸ್ಟಿನ್ 1811ರಲ್ಲಿ ತಮ್ಮ ಹೆಸರು ಹಾಕದೆ, ‘ಒಬ್ಬ ಮಹಿಳೆ’ ಬರೆದದ್ದೆಂದಷ್ಟೇ ನಮೂದಿಸಿ ಪ್ರಕಟಿಸಿದ ಕಾದಂಬರಿಯನ್ನು ತೈವಾನಿನ ನಿರ್ದೇಶಕ ಆಂಗ್ ಲೀ 1995ರಲ್ಲಿ ಇಂಗ್ಲೆಂಡಿನಲ್ಲಿಯೇ ಚಿತ್ರೀಕರಿಸಿ ತೆರೆಗೆ ತಂದರು. ಪ್ರೇಮಕಥೆಯೆಂದೇ ಹೆಸರಾದ ಈ ಚಿತ್ರ ಶುರುವಾಗುವುದು ಸಾಯುತ್ತಿರುವ ತಂದೆಯೊಬ್ಬನ ಹಾಸಿಗೆಯ ಬಳಿ, ಆಸ್ತಿಯ ಮಾತಿನಿಂದ. ನಾರ್ಲೆಂಡಿನ ದೊಡ್ಡ ಮನೆ ಮೊದಲ ಹೆಂಡತಿಯ ಮಗ ಜಾನ್‌ಗೆ ಸೇರಬೇಕು. ಎರಡನೆಯ ಹೆಂಡತಿಗೂ ಅವಳ ಮೂವರು ಹೆಣ್ಣುಮಕ್ಕಳಿಗೂ ಉಳಿಯುವುದು ವರ್ಷಕ್ಕೆ 500 ಪೌಂಡ್. ಇವರ ಕೈಬಿಡಬೇಡವೆಂದು ಮಗನಿಂದ ಮಾತು ತೆಗೆದುಕೊಂಡು ತಂದೆ ಕಣ್ಣು ಮುಚ್ಚುತ್ತಾನೆ. ಜಾನ್ ಕೊಡಬೇಕೆಂದುಕೊಂಡ 3000 ಪೌಂಡು ಹೆಂಡತಿ ಫ್ಯಾನಿಯ ಒಂದೊಂದು ಮಾತಿಗೂ ಕರಗಿ 1500 ಆಗುತ್ತದೆ, ಆಮೇಲೆ ತಾಯಿಗೆ ವರ್ಷಕ್ಕೆ 100 ಆಗುತ್ತದೆ, ಕೊನೆಗೆ ಆಗೀಗ ಕೊಟ್ಟರಾಯಿತು ಎನ್ನುವ 20 ಪೌಂಡಿಗೆ ಬಂದು ನಿಲ್ಲುತ್ತದೆ. ಫ್ಯಾನಿ ಇಷ್ಟನ್ನೂ ದನಿ ಏರಿಸದೆ, ಗಂಡನ ಹಿತಕ್ಕಾಗಿಯೇ ಆಡುತ್ತಿರುವಂತೆ ಆಡಿ ಮುಗಿಸುತ್ತಾಳೆ. ಪಾಲುಪಟ್ಟಿಯ ದಿನ ಮನೆಯ ನಡುಕೋಣೆಯಲ್ಲಿ ಕುಳಿತವರಿಗೆ ಆ ಮೆತ್ತನೆಯ ದನಿ ಹೊಸದಾಗಿ ಕೇಳಿಸಲಾರದು.

ಚಿತ್ರಕಥೆ ಎಮ್ಮಾ ಥಾಂಪ್ಸನ್ ಅವರದು. ಹಿರಿಯ ಮಗಳು ಎಲಿನೋರ್ ಕೂಡ ಅವರೇ. ಈ ಬರವಣಿಗೆಗೆ ಅವರಿಗೆ ಆಸ್ಕರ್ ಬಂದಿತು. ನಟನೆಗೂ ಚಿತ್ರಕಥೆಗೂ ಆಸ್ಕರ್ ಪಡೆದವರು ಇವತ್ತಿಗೂ ಇವರೊಬ್ಬರೇ. ರೂಪಾಂತರವೆಂದರೆ ಕಾದಂಬರಿಯ ಸಂಭಾಷಣೆಯನ್ನು ಕತ್ತರಿಸಿ ಜೋಡಿಸುವುದೆಂಬ ತಪ್ಪು ತಿಳಿವಳಿಕೆ ಅವರಿಗಿಲ್ಲ. ಫ್ಯಾನಿಯ ಸಹೋದರ ಎಡ್ವರ್ಡ್ ಕಾದಂಬರಿಯಲ್ಲಿ ತೀರ ಸಪ್ಪೆ ಮನುಷ್ಯ, ಎಲಿನೋರ್ ಅವನನ್ನು ಯಾಕೆ ಮೆಚ್ಚಿದಳೆಂದು ಓದುಗರಿಗೆ ಸಂಶಯವೇ ಬರುತ್ತದೆ. ಚಿತ್ರದಲ್ಲಿ ಕಿರಿಯ ತಂಗಿ ಮಾರ್ಗರೆಟ್, ಬಂದ ನೆಂಟರ ಮೇಲಿನ ಮುನಿಸಿಗೆ, ಗ್ರಂಥಾಲಯದ ಮೇಜಿನ ಕೆಳಗೆ ಅಡಗಿ ಕುಳಿತಿದ್ದಾಳೆ. ಎಡ್ವರ್ಡ್ ಅವಳನ್ನು ಕಂಡೂ ಕಾಣದವನಂತೆ ನಿಂತು, ನೈಲ್ ನದಿ ಎಲ್ಲಿದೆಯೆಂದು ನೋಡಬೇಕಿತ್ತು, ಅಟ್ಲಾಸ್ ಸಿಕ್ಕೀತೇ ಎಂದು ಗಂಭೀರವಾಗಿ ಕೇಳುತ್ತಾನೆ. ಎಲಿನೋರ್‌ಗೆ ಕ್ಷಣದಲ್ಲಿ ವಿಷಯ ಹೊಳೆದು, ಅದು ಬೆಲ್ಜಿಯಂನಲ್ಲಿರಬೇಕು ಎನ್ನುತ್ತಾಳೆ. ಇಷ್ಟು ತಪ್ಪು ಭೂಗೋಳವನ್ನು ಸಹಿಸಲಾರದೆ ಹುಡುಗಿ ಮೇಜಿನ ಕೆಳಗಿಂದಲೇ ಬಾಯಿಬಿಡುತ್ತಾಳೆ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ಹೇಳದೆಯೇ ತಿಳಿಯಿತು ಎಂಬುದನ್ನು ಇದಕ್ಕಿಂತ ಹಿತವಾಗಿ ತೋರಿಸಿದ ಪ್ರೇಮದೃಶ್ಯವನ್ನು ನಾನು ಹೆಚ್ಚು ಕಂಡಿಲ್ಲ.

ಎರಡನೆಯ ಮಗಳು ಮೇರಿಯಾನ್ ಪಾತ್ರದಲ್ಲಿ ಕೇಟ್ ವಿನ್ಸ್ಲೆಟ್ ಇದ್ದಾರೆ. ಅಕ್ಕ ನುಂಗಿಕೊಳ್ಳುವುದನ್ನೆಲ್ಲ ತಂಗಿ ಆಡಿಬಿಡುತ್ತಾಳೆ, ಹಾಡಿಬಿಡುತ್ತಾಳೆ. ಅವಳು ಪಿಯಾನೊ ನುಡಿಸುತ್ತ ಹಾಡುವಾಗ ಕರ್ನಲ್ ಬ್ರಾಂಡನ್ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಬ್ರಾಂಡನ್ ಪಾತ್ರದ ಅಲನ್ ರಿಕ್ಮನ್ ಆ ಗಳಿಗೆಯಲ್ಲಿ ಮಾತಿಲ್ಲದೆ, ಬರೀ ನಿಂತ ನಿಲುವಿನಲ್ಲಿ ಒಬ್ಬ ಮನುಷ್ಯನ ಕಳೆದುಹೋದ ವರ್ಷಗಳನ್ನೆಲ್ಲ ತಂದಿಡುತ್ತಾರೆ. ಮುಂದೆ ಮೇರಿಯಾನ್ ಮನಸೋತ ವಿಲ್ಲೋಬಿ ಕಾರಣ ಹೇಳದೆ ಅವಳನ್ನು ಬಿಟ್ಟು ಹೊರಟುಹೋದಾಗ, ನಾರ್ಲೆಂಡ್ ಬಿಟ್ಟು ಇವರು ಸೇರಿದ ಪುಟ್ಟ ಮನೆಯ ಮಹಡಿಯಲ್ಲಿ ನಡೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೇರಿಯಾನ್ ಅಳುತ್ತ ಒಂದು ಕೋಣೆಗೆ, ತಾಯಿ ಇನ್ನೊಂದಕ್ಕೆ, ಮಾರ್ಗರೆಟ್ ಮತ್ತೊಂದಕ್ಕೆ ನುಗ್ಗಿ ಕದ ಹಾಕಿಕೊಳ್ಳುತ್ತಾರೆ. ಅಳುವುದಕ್ಕೆ ಇನ್ನೊಂದು ಕೋಣೆ ಉಳಿದಿಲ್ಲ. ತಂಗಿಗೆಂದು ತಂದ ಚಹಾದ ಬಟ್ಟಲು ಎಲಿನೋರಳ ಕೈಯಲ್ಲೇ ಇದೆ. ಅವಳು ಮೆಟ್ಟಿಲ ಮೇಲೆ ಕುಳಿತು ಅದನ್ನು ತಾನೇ ಕುಡಿಯುತ್ತಾಳೆ. ಕ್ಯಾಮೆರಾ ಹತ್ತಿರ ಹೋಗಿ ಅವಳ ಮುಖ ಹಿಡಿಯುವ ಆಸೆಗೆ ಬೀಳುವುದಿಲ್ಲ. ಆಂಗ್ ಲೀ ಅದಕ್ಕೆ ಮುಂಚೆ ತೆಗೆದ ಚಿತ್ರಗಳು ತೈವಾನ್, ಚೀನಾ ಮೂಲದ ಸಂಸಾರಗಳನ್ನು ಕುರಿತವು. ಊಟದ ಮೇಜಿನ ಸುತ್ತ ಎಲ್ಲರೂ ಕುಳಿತು, ಆಡಬೇಕಾದ ಒಂದು ಮಾತನ್ನು ಮಾತ್ರ ಯಾರೂ ಆಡದಿರುವ ಮನೆಗಳನ್ನು ಅವರು ಚೆನ್ನಾಗಿ ಬಲ್ಲರು. ಇಂಗ್ಲೆಂಡಿನ ಕಥೆಯನ್ನು ಹೊರಗಿನವರು ಹೇಗೆ ಹಿಡಿದಾರು ಎಂಬ ಅನುಮಾನವಿದ್ದವರು ಈ ಒಂದು ದೃಶ್ಯ ನೋಡಿದರೆ ಸಾಕು.

ಕೊರತೆಗಳಿಲ್ಲದಿಲ್ಲ. ಕಾದಂಬರಿಯಲ್ಲಿ ಎಲಿನೋರ್‌ಗೆ 19 ವರ್ಷ. ಮೂವತ್ತು ದಾಟಿದ ನಟಿ ಆ ಪಾತ್ರದಲ್ಲಿ ನಿಂತಾಗ, ಅಷ್ಟು ಎಳೆಯ ವಯಸ್ಸಿಗೆ ಮನೆಯ ಭಾರವೆಲ್ಲ ಹೆಗಲೇರಿತೆಂಬ ನೋವು ಕಡಿಮೆಯಾಗಿ ಕಾಣುತ್ತದೆ. ಮೇರಿಯಾನ್ ಕಾಯಿಲೆ ಬಿದ್ದ ರಾತ್ರಿ ವಿಲ್ಲೋಬಿ ಓಡಿಬಂದು ಎಲಿನೋರಳ ಮುಂದೆ ತಪ್ಪೊಪ್ಪಿಕೊಳ್ಳುವ ಅಧ್ಯಾಯವನ್ನು ಚಿತ್ರ ಕೈಬಿಟ್ಟಿದೆ; ಅವನಿಗೂ ಪ್ರೀತಿಯಿತ್ತೆಂಬುದು ಬ್ರಾಂಡನ್‌ನ ಒಂದೆರಡು ಮಾತಿನಲ್ಲಿ ಮುಗಿದುಹೋಗುತ್ತದೆ, ಆ ನಷ್ಟ ಸಣ್ಣದಲ್ಲ. ಮೇರಿಯಾನ್ ಬ್ರಾಂಡನ್‌ನತ್ತ ತಿರುಗುವುದೂ ಅವಸರದಲ್ಲೇ. ಇದೇ ಕಾದಂಬರಿಯನ್ನು ರಾಜೀವ್ ಮೆನನ್ 2000ದಲ್ಲಿ ‘ಕಂಡುಕೊಂಡೇನ್ ಕಂಡುಕೊಂಡೇನ್’ ಎಂದು ತಮಿಳಿಗೆ ತಂದರು. ಟಬು, ಐಶ್ವರ್ಯಾ ರೈ ನಟಿಸಿದ ಅದನ್ನು ಮೊದಲು ನೋಡಿದವರು ಈ ಚಿತ್ರವನ್ನೂ ನೋಡಬೇಕು.

ಕಥೆಯುದ್ದಕ್ಕೂ ಎಲಿನೋರ್ ಒಳಗೇ ಹೊತ್ತಿರುವ ಗುಟ್ಟೊಂದಿದೆ, ಅದು ಎಡ್ವರ್ಡ್‌ಗೂ ಲೂಸಿ ಸ್ಟೀಲ್ ಎಂಬ ಹುಡುಗಿಗೂ ಐದು ವರ್ಷದ ಹಿಂದೆಯೇ ಕದ್ದುಮುಚ್ಚಿ ನಿಶ್ಚಯವಾಗಿದೆ ಎಂಬುದು. ಲೂಸಿಯೇ ಅದನ್ನು ಹೇಳಿ, ಯಾರಿಗೂ ಹೇಳಕೂಡದೆಂದು ಮಾತು ಪಡೆದಿದ್ದಾಳೆ. ಮದುವೆ ನಡೆದೇಹೋಯಿತೆಂದು ಮನೆಯವರೆಲ್ಲ ನಂಬಿ ಕುಳಿತಿರುವಾಗ ಎಡ್ವರ್ಡ್ ಬಂದು, ಮದುವೆಯಾದದ್ದು ತನ್ನ ತಮ್ಮನಿಗೆ ಎನ್ನುತ್ತಾನೆ. ಕಾದಂಬರಿಯ ಎಲಿನೋರ್ ಆ ಹೊತ್ತಿನಲ್ಲಿ ಕೋಣೆಯಿಂದ ಹೊರಗೋಡಿ, ಬಾಗಿಲು ಮುಚ್ಚಿದ ಮೇಲೆ ಅಳುತ್ತಾಳೆ. ಥಾಂಪ್ಸನ್ ಅವಳನ್ನು ಹೊರಗೆ ಕಳಿಸುವುದಿಲ್ಲ. ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಅವಳ ಅಂಕೆಗೂ ಸಿಗದೆ, ಬಿಕ್ಕಳಿಕೆಯೋ ಉಸಿರುಗಟ್ಟಿದ ಕೂಗೋ ತಿಳಿಯದ ಒಂದು ದೊಡ್ಡ ಸದ್ದಾಗಿ, ಎಲ್ಲರ ಎದುರೇ ಹೊರಗೆ ಬರುತ್ತದೆ. ಎಡ್ವರ್ಡ್ ಏನು ಮಾಡಲೂ ತೋಚದೆ ನಿಂತಿರುತ್ತಾನೆ. ತಾಯಿ ಮತ್ತು ತಂಗಿಯರು ಒಬ್ಬರನ್ನೊಬ್ಬರು ನೋಡಿಕೊಂಡು, ಈ ಸಲ ತಾವೇ ಎದ್ದು ಅವಳಿಗೆ ಕೋಣೆ ಬಿಟ್ಟುಕೊಡುತ್ತಾರೆ.